ಹದಿನೇಳು ಮಂದಿ ಸಾಲದು: ಡಾಲ್ಫಿನ್ಸ್ ಕ್ಲಬ್‌ನ ಮೊದಲ ಸೀಸನ್ನಿನ ಲೆಕ್ಕ

(ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಪಟ್ಟಿಗಳನ್ನು ಮಾತಿನೊಳಗೇ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಎರಡು ಅಂಕಿಗಳಿಂದ ಶುರು ಮಾಡೋಣ. 2023ರಲ್ಲಿ ಆಸ್ಟ್ರೇಲಿಯಾದ ಎನ್‌ಆರ್‌ಎಲ್ ರಗ್ಬಿ ಲೀಗ್‌ಗೆ 17ನೇ ತಂಡವಾಗಿ ಬಂದ ಡಾಲ್ಫಿನ್ಸ್ ಮೊದಲ 10 ಸುತ್ತುಗಳಲ್ಲಿ 6 ಪಂದ್ಯ ಗೆದ್ದಿತು. ಆಮೇಲೆ ಆಡಿದ 14 ಪಂದ್ಯಗಳಲ್ಲಿ ಗೆದ್ದದ್ದು ಬರೀ 3. ಕೋಚ್ ಬದಲಾಗಲಿಲ್ಲ, ಮೈದಾನ ಅದೇ, ಜೆರ್ಸಿ ಅದೇ. ಒಟ್ಟು 9 ಗೆಲುವು, 15 ಸೋಲು, 13ನೇ ಸ್ಥಾನ.

ಇದಕ್ಕೆ ಎಲ್ಲರೂ ಹೇಳುವ ಕಾರಣ ಒಂದೇ: ಹೊಸತರ ಹುಮ್ಮಸ್ಸು ಇಳಿಯಿತು. ಅದು ಪೂರ್ತಿ ಸುಳ್ಳೇನಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಜೂನ್ ತಿಂಗಳಲ್ಲಿ ಈ ತಂಡ ಸೊರಗುತ್ತದೆ ಅನ್ನುವುದು 2021ರ ನವೆಂಬರಿನಲ್ಲಿ, ಒಬ್ಬ ಆಟಗಾರನೂ ಮೈದಾನಕ್ಕೆ ಇಳಿಯುವ 16 ತಿಂಗಳು ಮೊದಲೇ, ಹೆಚ್ಚುಕಡಿಮೆ ತೀರ್ಮಾನವಾಗಿಬಿಟ್ಟಿತ್ತು. ಹೇಗೆ ಅನ್ನುವುದೇ ಇವತ್ತಿನ ಮಾತು.

ಆಟ ಗೊತ್ತಿಲ್ಲದವರಿಗೆ ಎರಡು ನಿಮಿಷದ ಪರಿಚಯ. ಒಂದು ಕಡೆ 13 ಮಂದಿ, 2023ರ ನಿಯಮದಂತೆ ಬೆಂಚಿನಲ್ಲಿ 4, ಒಟ್ಟು 17. ಆಟ 80 ನಿಮಿಷ. ನಮ್ಮ ಕಬಡ್ಡಿ ನೋಡಿದವರಿಗೆ ಟ್ಯಾಕಲ್ ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ಆದರೆ ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕವ ಔಟ್. ಇಲ್ಲಿ ಸಿಕ್ಕವ ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಹೀಗೆ ಆರು ಸಲ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ. ಸಾಮಾನ್ಯವಾಗಿ ಐದನೆಯ ಸಲ ಸಿಕ್ಕಿಬಿದ್ದ ಮೇಲೆ ದೂರಕ್ಕೆ ಒದ್ದುಬಿಡುತ್ತಾರೆ. ಗೆರೆಯಾಚೆ ಚೆಂಡು ಊರಿದರೆ ಟ್ರೈ, 4 ಅಂಕ. ಆಮೇಲಿನ ಕಿಕ್ ಕಂಬಗಳ ನಡುವೆ ಹೋದರೆ ಇನ್ನೆರಡು. ಒಂದು ಪಂದ್ಯದಲ್ಲಿ ಒಂದೊಂದು ತಂಡ ಇಂಥ ಸುಮಾರು 40 ಸರದಿ ಆಡುತ್ತದೆ, 300ಕ್ಕೂ ಹೆಚ್ಚು ಟ್ಯಾಕಲ್ ಮಾಡುತ್ತದೆ. ಕೊನೆಯ ಈ ಸಂಖ್ಯೆಯನ್ನು ನೆನಪಿನಲ್ಲಿಡಿ. ಕ್ಲಬ್ಬಿನ ದುಡ್ಡು, ಆಟಗಾರರ ಮೂಳೆ, ಎರಡೂ ಸವೆಯುವುದು ಅಲ್ಲೇ.

ಈಗ ಕ್ಲಬ್ಬಿನ ವಿಷಯಕ್ಕೆ ಬರೋಣ. ಡಾಲ್ಫಿನ್ಸ್ ಅಂದರೆ ಕಾಗದದ ಮೇಲೆ ಹುಟ್ಟಿದ ತಂಡವಲ್ಲ. ಬ್ರಿಸ್ಬೇನಿನ ಉತ್ತರಕ್ಕೆ, ಸಮುದ್ರಕ್ಕೆ ಚಾಚಿಕೊಂಡ ರೆಡ್‌ಕ್ಲಿಫ್ ಎಂಬ ಊರಿನಲ್ಲಿ 1947ರಿಂದ ಇದ್ದ ಕ್ಲಬ್ ಇದು. ಸ್ವಂತ ಮೈದಾನ, ದುಡಿಯುವ ಲೀಗ್ಸ್ ಕ್ಲಬ್ (ಸದಸ್ಯರ ಊಟ, ಮನರಂಜನೆಯ ಕ್ಲಬ್), ಶಾಪಿಂಗ್ ಕಾಂಪ್ಲೆಕ್ಸು, ಎಲ್ಲವೂ ಇತ್ತು. ಎನ್‌ಆರ್‌ಎಲ್ ಸೇರುವ ಲೈಸೆನ್ಸಿಗೆ ಬ್ರಿಸ್ಬೇನ್ ಕಡೆಯಿಂದಲೇ ಫೈರ್‌ಹಾಕ್ಸ್ ಮತ್ತು ಜೆಟ್ಸ್ ಎಂಬ ಇನ್ನೆರಡು ಅರ್ಜಿಗಳಿದ್ದವು. ಆಸ್ತಿಯ ಬಲ ನೋಡಿದರೆ ರೆಡ್‌ಕ್ಲಿಫ್‌ನದೇ ಗಟ್ಟಿ. ಹೊಸ ತಂಡ ಮೂರನೇ ವರ್ಷದಲ್ಲಿ ದಿವಾಳಿಯಾಗುವ ದೃಶ್ಯವನ್ನು ಬ್ರಿಸ್ಬೇನ್ ಹಿಂದೊಮ್ಮೆ ನೋಡಿದೆ. 1995ರಲ್ಲಿ ಬಂದ ಸೌತ್ ಕ್ವೀನ್ಸ್‌ಲ್ಯಾಂಡ್ ಕ್ರಷರ್ಸ್ 1997ರಲ್ಲಿ ಬಾಗಿಲು ಹಾಕಿತ್ತು.

ಹೆಸರಿನಲ್ಲಿ ಊರೇ ಇಲ್ಲದಿರುವುದನ್ನು ಗಮನಿಸಿ. ರೆಡ್‌ಕ್ಲಿಫ್ ಅಂದರೆ ಊರು ಚಿಕ್ಕದಾಯಿತು, ಬ್ರಿಸ್ಬೇನ್ ಅಂದರೆ ಆ ನಗರದ ಹಳೆಯ ಎನ್‌ಆರ್‌ಎಲ್ ತಂಡ ಬ್ರಾಂಕೋಸ್‌ಗೆ ಸೇರಿದ ಹೆಸರು. ಹಾಗಾಗಿ ಬರೀ ‘ಡಾಲ್ಫಿನ್ಸ್’. ಹಳೆಯ ರೆಡ್‌ಕ್ಲಿಫ್ ಡಾಲ್ಫಿನ್ಸ್ ತಂಡ ಕೆಳಗಿನ ದರ್ಜೆಯ ಕ್ವೀನ್ಸ್‌ಲ್ಯಾಂಡ್ ಕಪ್ಪಿನಲ್ಲಿ ತನ್ನ ಪಾಡಿಗೆ ಆಡಿಕೊಂಡಿದೆ. ಮೇಲಿನ ತಂಡದಲ್ಲಿ ಜಾಗ ಸಿಗದವರು ವಾರಾಂತ್ಯಕ್ಕೆ ಅಲ್ಲಿಗೋ ಸೆಂಟ್ರಲ್ ಕ್ವೀನ್ಸ್‌ಲ್ಯಾಂಡ್ ಕ್ಯಾಪ್ರಸ್‌ಗೋ ಹೋಗಿ ಆಡುತ್ತಾರೆ.

17ನೇ ತಂಡ ಬಂದರೆ ಲೀಗ್‌ಗೆ ಏನು ಲಾಭ? ವಾರಕ್ಕೊಂದು ಪಂದ್ಯ ಹೆಚ್ಚುತ್ತದೆ ಅಂದುಕೊಂಡರೆ ತಪ್ಪು. 16 ತಂಡಗಳಿದ್ದಾಗಲೂ ವಾರಕ್ಕೆ 8 ಪಂದ್ಯ, 17 ಆದಾಗಲೂ 8. ಒಂದು ತಂಡಕ್ಕೆ ರಜೆ ಅಷ್ಟೆ. ಹೆಚ್ಚಿದ್ದು ವಾರಗಳ ಸಂಖ್ಯೆ. 25 ಇದ್ದ ಸುತ್ತುಗಳು 27 ಆದವು, 192 ಇದ್ದ ಪಂದ್ಯಗಳು 204 ಆದವು. ಟಿವಿಯವರಿಗೆ ಅದಕ್ಕಿಂತ ಮುಖ್ಯವಾದದ್ದು ಬ್ರಿಸ್ಬೇನಿನಲ್ಲಿ ಎರಡು ತಂಡ. ಬ್ರಾಂಕೋಸ್ ಪರ ಊರಿಗೆ ಹೋದ ವಾರವೂ ಸನ್‌ಕಾರ್ಪ್ ಸ್ಟೇಡಿಯಂ ಖಾಲಿ ಬೀಳಬೇಕಿಲ್ಲ.

ಲೈಸೆನ್ಸ್ ಘೋಷಣೆಯಾದದ್ದು 2021ರ ಅಕ್ಟೋಬರ್ 13ರಂದು. ಮೊದಲ ಪಂದ್ಯ 2023ರ ಮಾರ್ಚ್ 5ರಂದು. ನಡುವೆ 508 ದಿನ. ಧಾರಾಳವಾಯಿತು ಅನ್ನಿಸುತ್ತದೆ, ಅಲ್ಲವೇ? ಆದರೆ ಈ ಆಟದಲ್ಲಿ ಆಟಗಾರರನ್ನು ಕೊಳ್ಳುವ ಸಂತೆಗೆ ಒಂದು ತಾರೀಖಿದೆ: ನವೆಂಬರ್ 1. ಮುಂದಿನ ವರ್ಷದ ಕೊನೆಗೆ ಯಾರ ಒಪ್ಪಂದ ಮುಗಿಯುತ್ತದೋ ಅವರು ಈ ವರ್ಷದ ನವೆಂಬರ್ 1ರಿಂದ ಬೇರೆ ಕ್ಲಬ್ಬಿನ ಜೊತೆ ಮಾತಾಡಬಹುದು. ಅಂದರೆ 2023ಕ್ಕೆ ಬೇಕಾದ ಆಟಗಾರರ ಸಂತೆ 2021ರ ನವೆಂಬರ್ 1ಕ್ಕೇ ತೆರೆಯಿತು. ಲೈಸೆನ್ಸ್ ಕೈಗೆ ಬಂದ 19ನೇ ದಿನ! ಕಚೇರಿಯಲ್ಲಿ ಮೇಜು ಹಾಕುವ ಮೊದಲೇ ಅಂಗಡಿಗೆ ಓಡಬೇಕಾದ ಸ್ಥಿತಿ.

ಜೊತೆಗೆ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸುವ ಡ್ರಾಫ್ಟ್ ಪದ್ಧತಿಯಿಲ್ಲ, ಹರಾಜಿಲ್ಲ. ನಮ್ಮ ಐಪಿಎಲ್‌ನಲ್ಲಿ 2022ಕ್ಕೆ ಗುಜರಾತ್ ಟೈಟನ್ಸ್, ಲಖನೌ ಸೂಪರ್ ಜೈಂಟ್ಸ್ ಬಂದಾಗ ಹರಾಜಿಗೆ ಮೊದಲೇ ತಲಾ ಮೂವರನ್ನು ಆರಿಸಿಕೊಳ್ಳಲು ಬಿಟ್ಟರು, ಆಮೇಲೆ ಹತ್ತೂ ತಂಡಗಳಿಗೆ ದೊಡ್ಡ ಹರಾಜು ನಡೆಯಿತು. ಗುಜರಾತ್ ಮೊದಲ ವರ್ಷವೇ ಕಪ್ ಗೆದ್ದಿತು. ಎನ್‌ಆರ್‌ಎಲ್‌ನಲ್ಲಿ ಹಾಗೆ ಯಾರೂ ಯಾರನ್ನೂ ಬಿಟ್ಟುಕೊಡಬೇಕಿಲ್ಲ. ಹಳೆಯ 16 ಕ್ಲಬ್‌ಗಳು ತಮಗೆ ಬೇಕಾದವರನ್ನು ಎರಡು ಮೂರು ವರ್ಷಕ್ಕೆ ಮೊದಲೇ ಕಟ್ಟಿಹಾಕಿರುತ್ತವೆ. ಹೊಸಬರಿಗೆ ಉಳಿಯುವವರು ಮೂರು ಬಗೆಯವರು: ವಯಸ್ಸಾಗುತ್ತಿದೆ ಎಂದು ಹಳೆಯ ಕ್ಲಬ್ ಉದ್ದದ ಒಪ್ಪಂದ ಕೊಡದವರು, ಪ್ರತಿಭೆಯಿದ್ದೂ ಜಾಗ ಸಿಗದ ಹುಡುಗರು, ಯಾರಿಗೂ ಅಷ್ಟಾಗಿ ಬೇಡವಾದವರು.

ಡಾಲ್ಫಿನ್ಸ್ ಮೊದಲ ಬಗೆಯಿಂದ ಶುರು ಮಾಡಿತು. ಮೆಲ್ಬರ್ನ್ ಸ್ಟಾರ್ಮ್‌ನಿಂದ ಫೆಲೀಸ್ ಕೌಫುಸಿ, ಜೆಸ್ಸಿ ಬ್ರಾಮ್ವಿಚ್, ಅವರ ತಮ್ಮ ಕೆನ್ನಿ ಬ್ರಾಮ್ವಿಚ್. ಮೂವರೂ 2017 ಮತ್ತು 2020ರಲ್ಲಿ ಪ್ರೀಮಿಯರ್‌ಶಿಪ್, ಅಂದರೆ ಲೀಗ್ ಕಪ್, ಗೆದ್ದವರು, ಮೂವರೂ ಫಾರ್ವರ್ಡ್‌ಗಳು, ಅಂದರೆ ನುಗ್ಗುವ, ಹಿಡಿಯುವ ಭಾರದ ಕೆಲಸದವರು. ಜೆಸ್ಸಿ ಕ್ಯಾಪ್ಟನ್. 2023ರ ಸೀಸನ್ ಶುರುವಾದಾಗ ಅವರಿಗೆ 33 ವರ್ಷ. ಪತ್ರಿಕೆಗಳು ಆಗ ಇದನ್ನು ‘ಅಜ್ಜಂದಿರ ತಂಡ’ ಎಂಬ ಧಾಟಿಯಲ್ಲಿ ನೋಡಿದವು. ಆದರೆ ಲೆಕ್ಕ ಸರಿಯಾಗಿಯೇ ಇತ್ತು. ಆಟ ನಡೆಸುವ ಹಾಫ್‌ಬ್ಯಾಕ್ ಎಷ್ಟು ಜಾಣನಾದರೂ ಟ್ಯಾಕಲ್ ಆದಲ್ಲಿಂದ ಚೆಂಡೆತ್ತಿ ಕೊಡುವ ಹುಕರ್, ಎಲ್ಲರ ಹಿಂದೆ ನಿಲ್ಲುವ ಫುಲ್‌ಬ್ಯಾಕ್, ಅಂಚಿನ ಕಡೆಯ ಸೆಂಟರ್ ಜೊತೆ ಹೊಂದಿಕೊಳ್ಳಲು ವರ್ಷ ಬೇಕು. ಆದರೆ ಒಬ್ಬ ಪ್ರಾಪ್, ಅಂದರೆ ಮೈದಾನದ ನಡುವೆ ಆಡುವ ಫಾರ್ವರ್ಡ್, ಹೊಸ ಜೆರ್ಸಿ ಹಾಕಿದ ಮೊದಲ ದಿನವೂ 15 ಸಲ ಚೆಂಡು ಹಿಡಿದು ನುಗ್ಗುತ್ತಾನೆ, 30 ಟ್ಯಾಕಲ್ ಮಾಡುತ್ತಾನೆ. ಕೊಟ್ಟ ದುಡ್ಡಿಗೆ ಮೊದಲ ವಾರದಿಂದಲೇ ಕೆಲಸ.

ಸಿಗದೇ ಹೋದವರ ಕಥೆ ಬೇರೆ. ನ್ಯೂಕ್ಯಾಸಲ್‌ನ ಕೇಲಿನ್ ಪೊಂಗಾ 2022ರಲ್ಲಿ ತಮ್ಮ ಕ್ಲಬ್ಬಿನಲ್ಲೇ ಉಳಿದರು. ಸ್ಟಾರ್ಮ್‌ನ ಕ್ಯಾಮರನ್ ಮನ್ಸ್ಟರ್‌ಗಾಗಿ ತಿಂಗಳುಗಟ್ಟಲೆ ಕಾದದ್ದೂ ಆಯಿತು, ಅವರೂ ಮೆಲ್ಬರ್ನಿನಲ್ಲೇ ಉಳಿದರು. ಇಂಥ ದೊಡ್ಡ ಹೆಸರಿಗಾಗಿ ಕಾಯುವುದರ ನಿಜವಾದ ಬೆಲೆ ಯಾವುದು ಗೊತ್ತೇ? ಆತ ಬರುತ್ತಾನೆಂದು ದೊಡ್ಡ ಮೊತ್ತ ಎತ್ತಿಟ್ಟಿರಬೇಕು. ಆ ಹೊತ್ತಿಗೆ ಸಿಗುತ್ತಿದ್ದ ಎರಡನೇ ಸಾಲಿನ ನಾಲ್ವರು ಬೇರೆ ಕಡೆ ಸಹಿ ಹಾಕಿರುತ್ತಾರೆ. ಕೊನೆಗೆ ದುಡ್ಡು ಕೈಯಲ್ಲಿ, ಸಂತೆ ಖಾಲಿ.

ಈ ದುಡ್ಡಿನ ಚೌಕಟ್ಟನ್ನೂ ನೋಡಿಬಿಡೋಣ. 2023ರ ಸ್ಯಾಲರಿ ಕ್ಯಾಪ್, ಅಂದರೆ ಮೊದಲ 30 ಆಟಗಾರರಿಗೆ ಒಂದು ಕ್ಲಬ್ ಕೊಡಬಹುದಾದ ಗರಿಷ್ಠ ಸಂಬಳ, 1 ಕೋಟಿ 21 ಲಕ್ಷ ಆಸ್ಟ್ರೇಲಿಯನ್ ಡಾಲರ್. ಸರಾಸರಿ ತಲೆಗೆ 4 ಲಕ್ಷದ ಮೇಲೆ ಚೂರು. ಐದು ಮಂದಿಗೆ 8 ಲಕ್ಷದಂತೆ ಕೊಟ್ಟರೆ 40 ಲಕ್ಷ ಹೋಯಿತು. ಉಳಿದ 25 ಮಂದಿಗೆ ತಲಾ 3 ಲಕ್ಷ 24 ಸಾವಿರ. ಈ ಅಂಕಿ ಪ್ರಕಟವಾದದ್ದು 2022ರ ಡಿಸೆಂಬರ್ ಕೊನೆಯಲ್ಲಿ, ತಂಡದ ಬಹುಪಾಲು ಕಟ್ಟಿ ಮುಗಿದ ಮೇಲೆ. ಹಳೆಯ ಕ್ಲಬ್‌ಗಳಿಗೂ ಇದೇ ತೊಂದರೆ ಇತ್ತು ನಿಜ. ಆದರೆ ಅವರು ತುಂಬಬೇಕಾದದ್ದು ಐದಾರು ಜಾಗ, ಇವರು ತುಂಬಬೇಕಾದದ್ದು ಮೂವತ್ತು.

ಹಾಗಾದರೆ ಹೊಸ ಕ್ಲಬ್ ಮುಂದಿಡಬಹುದಾದ ಆಮಿಷ ಏನು? ಕ್ಯಾಪ್ ಎಲ್ಲರಿಗೂ ಒಂದೇ, ಹಣದಲ್ಲಿ ಮೀರಿಸಲಾಗದು. ಇವರ ಕೈಯಲ್ಲಿದ್ದದ್ದು ಜೆರ್ಸಿಯ ನಂಬರು. ಹಮಿಸೋ ಟಬುವಾಯ್-ಫಿಡೋಗೆ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್‌ನಲ್ಲಿ ಫುಲ್‌ಬ್ಯಾಕ್ ಜಾಗ ಖಚಿತವಿರಲಿಲ್ಲ. ಇಲ್ಲಿ ಆ ಜಾಗದ 1ನೇ ನಂಬರು ಕೊಟ್ಟರು. ಪೆನ್ರಿತ್ ಕ್ಲಬ್ಬಿನ ಪಡಸಾಲೆಯಲ್ಲಿ ಬೆಳೆದ ಹಾಫ್ ಇಸೈಯ ಕಟೋವಾಗೆ ಅಲ್ಲಿ ಅದೇ ಜಾಗದ ನೇಥನ್ ಕ್ಲಿಯರಿ, ಜರೋಮ್ ಲುವಾಯಿ ಇರುವವರೆಗೆ ಬಾಗಿಲು ತೆರೆಯುವಂತಿರಲಿಲ್ಲ; ಇಲ್ಲಿ 19ನೇ ವಯಸ್ಸಿಗೆ ಮೊದಲ ಪಂದ್ಯದಲ್ಲೇ ಆಡಿದ. ಜಮೇನ್ ಇಸಾಕೋ ಬ್ರಾಂಕೋಸ್ ಬಿಟ್ಟು, ಗೋಲ್ಡ್ ಕೋಸ್ಟ್ ಟೈಟನ್ಸ್ ಸುತ್ತಿ ಬಂದ ವಿಂಗರ್, ಅಂಚುಗೆರೆಯ ಬಳಿ ಆಡುವವ. ಮೂವರೂ ಎರಡನೇ ಬಗೆಯವರು. ಈ ತಂಡದ ಅತ್ಯುತ್ತಮ ಖರೀದಿಗಳೂ ಇವರೇ. ಫೈನಲ್ಸ್ ಎಂಬ ಕೊನೆಯ ನಾಕ್‌ಔಟ್ ಪಂದ್ಯಗಳನ್ನು ಬಿಟ್ಟರೆ, ಇಸಾಕೋ ಆ ವರ್ಷ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಟ್ರೈ (24) ಮತ್ತು ಅತಿ ಹೆಚ್ಚು ಅಂಕ (244), ಎರಡನ್ನೂ ತನ್ನದಾಗಿಸಿಕೊಂಡ. 13ನೇ ಸ್ಥಾನದ ತಂಡದ ವಿಂಗರ್! ಅಂಕ ಗಳಿಸುವುದು ಈ ತಂಡಕ್ಕೆ ದೊಡ್ಡ ಸಮಸ್ಯೆಯಾಗಿರಲಿಲ್ಲ ಅನ್ನುವುದಕ್ಕೆ ಬೇರೆ ಪುರಾವೆ ಬೇಡ.

ಸಮಸ್ಯೆ ಇದ್ದದ್ದು ಹಿಡಿಯುವುದರಲ್ಲಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೈದಾನದ ಒಂದು ಅಂಚನ್ನು ಕಣ್ಣಮುಂದೆ ತಂದುಕೊಳ್ಳಿ. ಅಲ್ಲಿ ನಾಲ್ವರು ಸಾಲಾಗಿ ನಿಂತಿರುತ್ತಾರೆ: ಒಳಗಿನಿಂದ ಸೆಕೆಂಡ್-ರೋ ಎಂಬ ಫಾರ್ವರ್ಡ್, ಹಾಫ್, ಸೆಂಟರ್, ಗೆರೆಯ ಬಳಿ ವಿಂಗರ್. ಎದುರಾಳಿ ಚೆಂಡು ಆ ಕಡೆಗೆ ಹೊರಳಿತು, ಇವರು ನಾಲ್ವರಿದ್ದರೆ ಅವರು ಐವರು. ಈಗ ಎರಡು ದಾರಿ. ನಾಲ್ವರೂ ಒಟ್ಟಿಗೆ ಹೊರಕ್ಕೆ ಜಾರಿ, ಒಳಗಿನ ಆಟಗಾರನನ್ನು ಒಳಗಿನವರಿಗೆ ಬಿಟ್ಟುಕೊಡುತ್ತಾ, ಎದುರಾಳಿಯನ್ನು ಗೆರೆಯ ಕಡೆಗೆ ತಳ್ಳಬಹುದು. ಇಲ್ಲವೇ ಸೆಂಟರ್ ಮತ್ತು ವಿಂಗರ್ ಒಮ್ಮೆಲೇ ಮುನ್ನುಗ್ಗಿ, ಚೆಂಡು ಕೊನೆಯವನಿಗೆ ತಲುಪುವ ಮೊದಲೇ ಅಡ್ಡಗಟ್ಟಬಹುದು. ಎರಡೂ ಸರಿಯಾದ ವಿಧಾನವೇ. ಕೆಡುವುದು ಸೆಂಟರ್ ಜಾರಿ, ವಿಂಗರ್ ನುಗ್ಗಿದಾಗ. ಇಬ್ಬರ ನಡುವೆ ಮೂರು ಮೀಟರಿನ ಬಾಗಿಲು ತೆರೆಯುತ್ತದೆ. ಅದರಲ್ಲಿ ಯಾರು ಬೇಕಾದರೂ ಟ್ರೈ ಹೊಡೆಯಬಹುದು.

ತೀರ್ಮಾನಕ್ಕೆ ಸಿಗುವುದು ಅರ್ಧ ಸೆಕೆಂಡು. ಕೂಗಿ ಹೇಳಿದರೂ ಗಲಾಟೆಯಲ್ಲಿ ಕೇಳಿಸದು. ಪಕ್ಕದವನ ಭುಜ ಯಾವ ಕಡೆ ತಿರುಗಿತು ಎಂದು ನೋಡಿಯೇ ತಿಳಿಯಬೇಕು. ಇದು ಜೊತೆಗೆ ಆಡಿ ಆಡಿ ಬರುವ ಬುದ್ಧಿ. ಡಾಲ್ಫಿನ್ಸ್‌ನವರು ಬಂದದ್ದಾದರೂ ಎಲ್ಲೆಲ್ಲಿಂದ? ಬ್ರಾಮ್ವಿಚ್ ಸೋದರರು ಸ್ಟಾರ್ಮ್‌ನಿಂದ, ಯೂವನ್ ಏಟ್ಕನ್ ವಾರಿಯರ್ಸ್‌ನಿಂದ, ಹುಕರ್ ಜೆರೆಮಿ ಮಾರ್ಷಲ್-ಕಿಂಗ್ ಬುಲ್‌ಡಾಗ್ಸ್‌ನಿಂದ, ಮಾರ್ಕ್ ನಿಕೋಲ್ಸ್ ರ‍್ಯಾಬಿಟೋಸ್‌ನಿಂದ, ಟೇಸಿ ನಿಯು ಬ್ರಾಂಕೋಸ್‌ನಿಂದ, ಟಾಮ್ ಗಿಲ್ಬರ್ಟ್ ಕೌಬಾಯ್ಸ್‌ನಿಂದ. ಒಂದೊಂದು ಕ್ಲಬ್ಬಿನಲ್ಲಿ ಒಂದೊಂದು ಪಾಠ, ಒಂದೇ ತಂತ್ರಕ್ಕೆ ಒಂದೊಂದು ಹೆಸರು. ಒಬ್ಬರಿಗೆ ಅಭ್ಯಾಸವಾದ ಕೂಗು ಇನ್ನೊಬ್ಬರಿಗೆ ಬೇರೆಯದೇ ಸೂಚನೆ. ಇವರೆಲ್ಲ 2022ರ ಸೀಸನ್ ತಮ್ಮ ತಮ್ಮ ಹಳೆಯ ಕ್ಲಬ್‌ಗಳಲ್ಲೇ ಆಡಿ ಮುಗಿಸಬೇಕಿತ್ತು. ಒಟ್ಟಿಗೆ ಅಭ್ಯಾಸ ಶುರುವಾದದ್ದು 2022ರ ನವೆಂಬರಿನ ಸುಮಾರಿಗೆ. 508 ದಿನಗಳಲ್ಲಿ ತಂಡವಾಗಿ ಕೈಗೆ ಸಿಕ್ಕದ್ದು ನಾಲ್ಕು ತಿಂಗಳು, ಅದರಲ್ಲಿ ಕ್ರಿಸ್‌ಮಸ್ ರಜೆ ಬೇರೆ.

ಕೋಚ್ ವೇಯ್ನ್ ಬೆನೆಟ್ ಇದನ್ನು ಸರಳ ಮಾಡಿದರು. 1950ರಲ್ಲಿ ಹುಟ್ಟಿದ ಇವರಿಗೆ ಆಗ 73. ಮೊದಲ ಸೀಸನ್ ಅನ್ನುವುದು ಅವರಿಗೆ ಹೊಸದಲ್ಲ. 1988ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ಹುಟ್ಟಿದಾಗ ಕೋಚ್ ಆಗಿದ್ದವರೂ ಇವರೇ. ಇದೇ ಸನ್‌ಕಾರ್ಪ್ ಮೈದಾನದಲ್ಲಿ, ಆಗ ಅದರ ಹೆಸರು ಲ್ಯಾಂಗ್ ಪಾರ್ಕ್, ಆ ತಂಡ ಮೊದಲ ಪಂದ್ಯದಲ್ಲೇ ಹಾಲಿ ಚಾಂಪಿಯನ್ ಮ್ಯಾನ್ಲಿಯನ್ನು 44-10ರಿಂದ ಹೊಡೆದಿತ್ತು. ಬೆನೆಟ್ ತಂಡಗಳ ಆಟ ನೋಡಿದರೆ ಅವರ ಒತ್ತು ಎಲ್ಲಿದೆ ಎಂದು ತಿಳಿಯುತ್ತದೆ: ತಂತ್ರ ಕಡಿಮೆ, ದುಡಿಮೆ ಹೆಚ್ಚು. ಅಂಚಿನಲ್ಲಿ ತಪ್ಪಾದೀತು ಅಂದರೆ ಚೆಂಡು ಅಂಚಿಗೆ ಹೋಗದಂತೆ ನಡುವಿನಲ್ಲೇ ತಡೆಯಬೇಕು. ಅದರ ಕೀಲಿ ಟ್ಯಾಕಲ್ ಆದ ಮೇಲಿನ ಮೂರು ನಾಲ್ಕು ಸೆಕೆಂಡು.

ಮೊದಲನೆಯವ ಎದೆಯ ಮಟ್ಟದಲ್ಲಿ ಅಪ್ಪಿ ಚೆಂಡನ್ನು ಬಿಗಿಯುತ್ತಾನೆ, ಇನ್ನೊಬ್ಬ ಎದುರು ಭುಜಕ್ಕೆ ಜೋತು ಬೀಳುತ್ತಾನೆ, ಮೂರನೆಯವ ಕಾಲು ಕಟ್ಟುತ್ತಾನೆ. ಬಿದ್ದವನು ಬೆನ್ನ ಮೇಲೆ ಬಿದ್ದರೆ ಮಗುಚಿ ಏಳಲು ಹೊತ್ತು ಬೇಕು. ಮುಂಗೈ ಮತ್ತು ಮೊಣಕಾಲಿನ ಮೇಲೆ ಬಿದ್ದರೆ ಚಿಮ್ಮಿ ಏಳುತ್ತಾನೆ. ಅಷ್ಟರಲ್ಲಿ ಉಳಿದವರೆಲ್ಲ 10 ಮೀಟರ್ ಹಿಂದಕ್ಕೆ ಓಡಿ ಸಾಲು ಕಟ್ಟಬೇಕು. ಚೆಂಡು ಮೂರು ಸೆಕೆಂಡಿಗೆ ಹೊರಬಂದರೆ ಸಾಲು ಇನ್ನೂ ಹಿಂದಕ್ಕೆ ನಡೆಯುತ್ತಿರುತ್ತದೆ. ನಾಲ್ಕು ಸೆಕೆಂಡು ಸಿಕ್ಕರೆ ಮುಂದಕ್ಕೆ ಹೊರಟಿರುತ್ತದೆ. ಜಾಸ್ತಿ ಹೊತ್ತು ಅದುಮಿ ಹಿಡಿದರೆ ರೆಫರಿ ಎದುರಾಳಿಗೆ ಮತ್ತೆ ಆರು ಟ್ಯಾಕಲ್ ಕೊಡುತ್ತಾನೆ. ಈ ಒಂದು ಸೆಕೆಂಡನ್ನು ನಿಯಮದೊಳಗೇ ಕದಿಯುವುದರಲ್ಲಿ ಮೆಲ್ಬರ್ನ್ ಸ್ಟಾರ್ಮ್ ಹೆಸರು ಮಾಡಿದ ಕ್ಲಬ್. ಅಲ್ಲಿಂದ ಮೂವರನ್ನು ತಂದದ್ದು ಏಕೆಂದು ಈಗ ಗೊತ್ತಾಯಿತಲ್ಲ.

ಮಾರ್ಚ್ 5ರಂದು ಸನ್‌ಕಾರ್ಪ್‌ನಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಎದುರಿಗೆ ಸಿಡ್ನಿ ರೂಸ್ಟರ್ಸ್, ಆ ವರ್ಷ ಕಪ್ ಗೆಲ್ಲಬಹುದೆಂದು ಹಲವರು ಎಣಿಸಿದ್ದ ತಂಡ. ಫಲಿತಾಂಶ 28-18, ಡಾಲ್ಫಿನ್ಸ್‌ಗೆ ಗೆಲುವು. ಮುಂದಿನ ವಾರ ರೆಡ್‌ಕ್ಲಿಫ್‌ನ ಸ್ವಂತ ಮೈದಾನದಲ್ಲಿ ಕ್ಯಾನ್‌ಬೆರ‍್ರಾ ಎದುರು 20-14. ಆಮೇಲೆ ನ್ಯೂಕ್ಯಾಸಲ್‌ಗೆ ಹೋಗಿ 36-20. ಮೂರಕ್ಕೆ ಮೂರು. ನಾಲ್ಕನೇ ಸುತ್ತಿನಲ್ಲಿ ಅಷ್ಟರವರೆಗೆ ತಾನೂ ಸೋಲದಿದ್ದ ಬ್ರಾಂಕೋಸ್. 51 ಸಾವಿರ ಮಂದಿಯ ಮುಂದೆ 18-12ರ ಸೋಲು. ಸೋತರೂ ಊರಿಗೊಂದು ಪೈಪೋಟಿ ಹುಟ್ಟಿತು. ಲೀಗ್‌ನವರು ಲೈಸೆನ್ಸ್ ಕೊಟ್ಟದ್ದೇ ಆ ರಾತ್ರಿಗಾಗಿ ಅಂದರೂ ತಪ್ಪಿಲ್ಲ.

ಏಪ್ರಿಲ್ 23ರ ಗೋಲ್ಡ್ ಕೋಸ್ಟ್ ಪಂದ್ಯವನ್ನು ಬಿಡುವಂತಿಲ್ಲ. ಟೈಟನ್ಸ್ 26-0 ಮುಂದಿತ್ತು. ಕೊನೆಗೆ ಗೆದ್ದದ್ದು ಡಾಲ್ಫಿನ್ಸ್, 28-26. 26 ಅಂಕ ಹಿಂದಿದ್ದು ಗೆದ್ದದ್ದು ಎನ್‌ಆರ್‌ಎಲ್‌ನಲ್ಲಿ ಅದಕ್ಕೂ ಮೊದಲು ಒಮ್ಮೆ ಮಾತ್ರ ನಡೆದಿತ್ತು, 1998ರಲ್ಲಿ ಕೌಬಾಯ್ಸ್‌ನಿಂದ. ಇದನ್ನು ಛಲದ ಕಥೆಯಾಗಿ ಹೇಳುವವರು ಹೇಳಲಿ. ಆದರೆ ಅದೇ ಸ್ಕೋರ್ ಕಾರ್ಡಿನ ಇನ್ನೊಂದು ಬದಿಯೂ ಇದೆ: ಮೊದಲು 26 ಅಂಕ ಬಿಟ್ಟುಕೊಟ್ಟವರೂ ಇದೇ 17 ಮಂದಿ. ಮುಂದಿನ ವಾರ ಕ್ಯಾನ್‌ಬೆರ‍್ರಾ ಎದುರು 30 ಅಂಕ ಗಳಿಸಿಯೂ ಹೆಚ್ಚುವರಿ ಅವಧಿಯಲ್ಲಿ ಒಂದು ಅಂಕದಿಂದ ಸೋತರು. ಬಾಗಿಲು ತೆರೆದೇ ಇತ್ತು. ಹೊಡೆದು ಹೊಡೆದು ಲೆಕ್ಕ ಸರಿಮಾಡುತ್ತಿದ್ದರು ಅಷ್ಟೆ.

ಈಗ 30ರ ಲೆಕ್ಕ. ಕ್ಲಬ್‌ಗಳು ಈ ಮೂವತ್ತನ್ನು ಸ್ಥೂಲವಾಗಿ ಹೀಗೆ ಹಂಚುತ್ತವೆ: ನಡುವಿನಲ್ಲಿ ಆಡುವ ಪ್ರಾಪ್ ಮತ್ತು ಲಾಕ್ ಸೇರಿ 9, ಸೆಕೆಂಡ್-ರೋ 5, ಹುಕರ್ 2, ಹಾಫ್‌ಗಳು 4, ಸೆಂಟರ್ ಮತ್ತು ವಿಂಗರ್ ಸೇರಿ 8, ಫುಲ್‌ಬ್ಯಾಕ್ 2. ಸೀಸನ್ನಿನ ನಡುವೆ ಯಾವುದೇ ವಾರ ತೆಗೆದುಕೊಂಡರೂ ಐದಾರು ಮಂದಿ ಗಾಯಾಳು, ಒಬ್ಬ ಸಸ್ಪೆಂಡ್. ಉಳಿದದ್ದು 23-24. ಮಂಗಳವಾರ ಸಂಜೆ 4ಕ್ಕೆ 22 ಹೆಸರುಗಳ ಪಟ್ಟಿ ಕೊಡಬೇಕು. ತಲೆ ಎಣಿಸಿದರೆ ಸಾಕಾಗುತ್ತದೆ. ಆದರೆ ಗಾಯಗಳು ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಮೂವರು ಸೆಂಟರ್‌ಗಳು ಒಂದೇ ತಿಂಗಳು ಬಿದ್ದರೆ, ಬಿಡುವಾಗಿ ಆರು ಪ್ರಾಪ್‌ಗಳಿದ್ದರೂ ಪ್ರಯೋಜನವಿಲ್ಲ.

ಡಾಲ್ಫಿನ್ಸ್‌ಗೆ ಮೊದಲ ಪೆಟ್ಟು ಬಿದ್ದದ್ದು ಹಾಫ್‌ನಲ್ಲಿ. ಅನುಭವಿ ಶಾನ್ ಓ’ಸಲಿವನ್ ಸೀಸನ್ನಿನ ಶುರುವಿನಲ್ಲೇ ಎದೆಯ ಸ್ನಾಯು ಹರಿದುಕೊಂಡು ತಿಂಗಳುಗಟ್ಟಲೆ ಹೊರಗುಳಿದರು. 19ರ ಕಟೋವಾ ಆಟ ನಡೆಸುವ ಭಾರ ಹೊರಬೇಕಾಯಿತು. ಜೊತೆಗೆ ಆಂಥನಿ ಮಿಲ್ಫರ್ಡ್, ಕೋಡಿ ನಿಕೋರಿಮಾ.

ಇದಕ್ಕೆ ಆ ವರ್ಷವೇ ಬಂದ ಒಂದು ನಿಯಮ ಸೇರಿತು. ತಲೆಗೆ ಪೆಟ್ಟಾಗಿ ಕನ್‌ಕಶನ್ (ಮಿದುಳು ಅದುರಿದ ಗಾಯ) ಎಂದು ಖಚಿತವಾದವನು 11 ದಿನ ಆಡುವಂತಿಲ್ಲ. ವೈದ್ಯಕೀಯವಾಗಿ ಸರಿಯಾದ ನಿಯಮ, ಅದರಲ್ಲಿ ಎರಡು ಮಾತಿಲ್ಲ. ಪಂದ್ಯಗಳ ನಡುವಿನ ಅಂತರ ಸಾಮಾನ್ಯವಾಗಿ 6ರಿಂದ 8 ದಿನ. ಹಾಗಾಗಿ ಒಂದು ಪಂದ್ಯ ತಪ್ಪುವುದು ಹೆಚ್ಚುಕಡಿಮೆ ಖಾತ್ರಿ, ನಡುವೆ ಬೈ, ಅಂದರೆ ರಜೆಯ ವಾರ, ಬಿದ್ದರೆ ಮಾತ್ರ ಬಚಾವು. ದಪ್ಪ ತಂಡಕ್ಕೆ ಇದು ಒಂದು ವಾರದ ಕಿರಿಕಿರಿ, ತೆಳ್ಳಗಿನ ತಂಡಕ್ಕೆ ಇನ್ನೊಬ್ಬ ಕಮ್ಮಿ.

ಆಮೇಲೆ ಸ್ಟೇಟ್ ಆಫ್ ಒರಿಜಿನ್. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಿನ ಮೂರು ಪಂದ್ಯಗಳಿಗೆ ಪ್ರತಿ ಕ್ಲಬ್ ತನ್ನ ಒಳ್ಳೆಯವರನ್ನು ಕಳಿಸಬೇಕು. ಮೇ 31ರಂದು ಅಡಿಲೇಡ್‌ನಲ್ಲಿ ಮೊದಲ ಪಂದ್ಯ. ಕ್ವೀನ್ಸ್‌ಲ್ಯಾಂಡ್ 26-18 ಗೆದ್ದಿತು, ಟಬುವಾಯ್-ಫಿಡೋ ಎರಡು ಟ್ರೈ ಹೊಡೆದ. ಅದೇ ಪಂದ್ಯದಲ್ಲಿ ಟಾಮ್ ಗಿಲ್ಬರ್ಟ್‌ನ ಭುಜ ಕಳಚಿತು, ಅವನ ಸೀಸನ್ ಅಲ್ಲಿಗೆ ಮುಗಿಯಿತು. ಅಷ್ಟು ಹೊತ್ತಿಗೆ ಡಾಲ್ಫಿನ್ಸ್‌ನ ನಡುವಿನ ಸಾಲಿನಲ್ಲಿ ಅತಿ ಹೆಚ್ಚು ದುಡಿಯುತ್ತಿದ್ದವರಲ್ಲಿ ಒಬ್ಬ ಅವನು. ಕ್ಲಬ್ ಸಂಬಳ ಕೊಡುತ್ತದೆ, ರಾಜ್ಯಕ್ಕೆ ಆಡುವಾಗ ಆಟಗಾರನ ಮೈ ಮುರಿಯುತ್ತದೆ, ಕ್ಲಬ್ಬಿನ ತಂಡ ಸೊರಗುತ್ತದೆ. ಹಳೆಯ ಕ್ಲಬ್‌ಗಳೂ ಇದನ್ನು ದೂರುತ್ತಲೇ ಇರುತ್ತವೆ.

ನಡುವಿನ ಒಬ್ಬ ದುಡಿಮೆಗಾರ ಹೋದರೆ ಹೇಗೆ ಕೆಡುತ್ತದೆ ನೋಡಿ. ಒಂದು ಪಂದ್ಯದಲ್ಲಿ ಬದಲಾವಣೆ 8 ಮಾತ್ರ. ಪ್ರಾಪ್‌ಗಳಿಬ್ಬರು ಮೊದಲ 25 ನಿಮಿಷ ಆಡಿ ಹೊರಬಂದು, ಕೊನೆಯ 20-25 ನಿಮಿಷಕ್ಕೆ ಮತ್ತೆ ಒಳಗೆ ಹೋಗುವುದು ರೂಢಿ. ಅದಕ್ಕೇ ನಾಲ್ಕು ಬದಲಾವಣೆ ಖರ್ಚು. 60-80 ನಿಮಿಷ ನಿಲ್ಲುವ ಲಾಕ್ ಒಬ್ಬನಿದ್ದರೆ ಉಳಿದ ನಾಲ್ಕು ಕೈಯಲ್ಲಿರುತ್ತವೆ. ಅವನಿಲ್ಲದಿದ್ದರೆ ಆ ಜಾಗಕ್ಕೂ ಎರಡು ಬದಲಾವಣೆ ಸುರಿಯಬೇಕು, ಇಲ್ಲವೇ 34ಕ್ಕೆ ಕಾಲಿಟ್ಟ ಜೆಸ್ಸಿ ಬ್ರಾಮ್ವಿಚ್‌ರನ್ನು ಇನ್ನೂ ಹತ್ತು ನಿಮಿಷ ಬಿಡಬೇಕು. ದಣಿದ ಕಾಲು 10 ಮೀಟರ್ ಹಿಂದಕ್ಕೆ ಓಡುವುದಿಲ್ಲ. ಆ ಒಂದು ಸೆಕೆಂಡು ಕೈತಪ್ಪುತ್ತದೆ, ಚೆಂಡು ಅಂಚಿಗೆ ಹೋಗುತ್ತದೆ, ಅಂಚಿನಲ್ಲಿ ಆ ಮೂರು ಮೀಟರಿನ ಬಾಗಿಲು.

ಪೆನ್ರಿತ್‌ನಂಥ ಕ್ಲಬ್ಬಿನಲ್ಲಿ 24ರಿಂದ 30ನೇ ಆಟಗಾರರು ಯಾರು? 15-16ನೇ ವಯಸ್ಸಿನಿಂದ ಅದೇ ಕೂಗು, ಅದೇ ಜಾರುವಿಕೆ ಕಲಿತ ಹುಡುಗರು. ಒಬ್ಬ ಬಿದ್ದರೆ ಇನ್ನೊಬ್ಬ ಅದೇ ಭಾಷೆ ಮಾತಾಡುತ್ತಾ ಒಳಗೆ ಬರುತ್ತಾನೆ. ಹೊಸ ಕ್ಲಬ್ಬಿನಲ್ಲಿ ಆ ಏಳು ಜಾಗ ಎಲ್ಲಕ್ಕಿಂತ ಕೊನೆಗೆ, ಉಳಿದ ಚಿಲ್ಲರೆಯಲ್ಲಿ ತುಂಬುತ್ತವೆ. ಸಂತೆ ಮುಗಿದ ಮೇಲೆ ತಂದ ತರಕಾರಿ. ಮಾರ್ಚಿನಲ್ಲಿ ಅದರ ಅಗತ್ಯ ಬೀಳುವುದಿಲ್ಲ. ಜೂನ್, ಜುಲೈನಲ್ಲಿ ಅಡುಗೆ ಅದರಲ್ಲೇ ಆಗಬೇಕು.

ಅಂಕಪಟ್ಟಿ ನೋಡಿ ಡಾಲ್ಫಿನ್ಸ್ 24 ಅಂಕ ಗಳಿಸಿತಲ್ಲ ಎಂದು ಕೇಳಬಹುದು. 9 ಗೆಲುವಿಗೆ 18, ಮೂರು ಬೈ ವಾರಗಳಿಗೆ ತಲಾ 2ರಂತೆ 6. ಬೈ ಅಂಕ ಎಲ್ಲರಿಗೂ ಸಮ, ಅದನ್ನು ತೆಗೆದೇ ನೋಡಬೇಕು. ಕೊನೆಯ ಸುತ್ತಿನಲ್ಲಿ ವಾರಿಯರ್ಸ್ ಎದುರು 34-10 ಗೆದ್ದದ್ದನ್ನೂ ಹೆಚ್ಚು ಹೊಗಳುವುದು ಬೇಡ. ಫೈನಲ್ಸ್ ಖಚಿತವಾಗಿದ್ದ ವಾರಿಯರ್ಸ್ ಪ್ರಮುಖರಿಗೆ ವಿಶ್ರಾಂತಿ ಕೊಟ್ಟಿತ್ತು.

ಬೇರೆ ಕ್ಲಬ್‌ಗಳ ಮೊದಲ ವರ್ಷಕ್ಕೆ ಹೋಲಿಸಿದರೆ ಸಂತೆಯ ಪಾತ್ರ ಇನ್ನೂ ಸ್ಪಷ್ಟ. 1988ರ ಬ್ರಾಂಕೋಸ್‌ಗೆ ವಾಲಿ ಲೂಯಿಸ್, ಜೀನ್ ಮೈಲ್ಸ್, ಆಲನ್ ಲ್ಯಾಂಗರ್ ಎಲ್ಲ ತವರಿನಲ್ಲೇ ಸಿಕ್ಕರು. ಆದರೂ 7ನೇ ಸ್ಥಾನ. 1995ರಲ್ಲಿ ಒಂದೇ ಏಟಿಗೆ ನಾಲ್ಕು ಹೊಸ ತಂಡ ಬಂದವು, ನಾಲ್ಕೂ ಒಂದೇ ಬುಟ್ಟಿಗೆ ಕೈಹಾಕಿದವು; ಕೌಬಾಯ್ಸ್ 22ರಲ್ಲಿ 2 ಗೆದ್ದು 20 ತಂಡಗಳಲ್ಲಿ ಕೊನೆಯಾಯಿತು. 2007ರ ಟೈಟನ್ಸ್ 12ನೇ ಸ್ಥಾನ. ಎದ್ದು ಕಾಣುವ ಅಪವಾದ 1998ರ ಮೆಲ್ಬರ್ನ್ ಸ್ಟಾರ್ಮ್: ಮೊದಲ ವರ್ಷ 3ನೇ ಸ್ಥಾನ, ಎರಡನೇ ವರ್ಷ ಕಪ್. ರಹಸ್ಯ ಸರಳ. ಆಸ್ಟ್ರೇಲಿಯಾದಲ್ಲಿ ಎರಡು ಪೈಪೋಟಿ ಲೀಗ್‌ಗಳ ನಡುವಿನ ‘ಸೂಪರ್ ಲೀಗ್’ ಜಗಳ ಮುಗಿದು ಪರ್ತ್ ಮತ್ತು ಹಂಟರ್ ಮ್ಯಾರಿನರ್ಸ್ ಕ್ಲಬ್‌ಗಳು ಆಗತಾನೇ ಮುಚ್ಚಿದ್ದವು. ರಾಬಿ ಕರ್ನ್ಸ್, ಬ್ರೆಟ್ ಕಿಮ್ಮರ್ಲಿ ಥರದವರು ಕೆಲಸವಿಲ್ಲದೆ ನಿಂತಿದ್ದರು, ಅದೂ ಜೊತೆಜೊತೆಗೆ ಆಡಿದ ಗುಂಪುಗಳಾಗಿ.

ಯುರೋಪಿನಲ್ಲಿ ಇನ್ನೊಂದು ಕತ್ತಿ ತೂಗುತ್ತಿತ್ತು: ಕೊನೆಯ ಸ್ಥಾನ ಬಂದರೆ ಕೆಳಗಿನ ದರ್ಜೆಗೆ. ಫ್ರಾನ್ಸಿನ ಕ್ಯಾಟಲನ್ಸ್ ಡ್ರ್ಯಾಗನ್ಸ್ 2006ರಲ್ಲಿ ಇಂಗ್ಲೆಂಡಿನ ಸೂಪರ್ ಲೀಗ್‌ಗೆ (ಮೇಲೆ ಹೇಳಿದ್ದಲ್ಲ) ಬಂದು ಕೊನೆಯಾಯಿತು. ಆದರೆ ಹಿಂಬಡ್ತಿಯಿಂದ ರಕ್ಷಣೆ ಇತ್ತು. ಮರುವರ್ಷವೇ ಚಾಲೆಂಜ್ ಕಪ್ ಫೈನಲ್ ಆಡಿತು. ಅದೇ ಫ್ರಾನ್ಸಿನ ಟುಲೂಸ್ 2022ರಲ್ಲಿ ಬಂದು, ಕೊನೆಯಾಗಿ, ಅದೇ ವರ್ಷ ಕೆಳಗಿಳಿಯಿತು. ಎನ್‌ಆರ್‌ಎಲ್‌ನಲ್ಲಿ ಹಿಂಬಡ್ತಿ ಇಲ್ಲ. ಡಾಲ್ಫಿನ್ಸ್‌ಗೆ ಎರಡನೇ ನವೆಂಬರ್ 1, ಮೂರನೇ ನವೆಂಬರ್ 1 ಸಿಕ್ಕವು. 2024ರಲ್ಲಿ 11 ಗೆದ್ದು 10ನೇ ಸ್ಥಾನಕ್ಕೆ ಬಂತು. ಕೊನೆಯ ಸುತ್ತಿನಲ್ಲಿ ನ್ಯೂಕ್ಯಾಸಲ್ ಎದುರು 14-6 ಸೋತದ್ದರಿಂದ ಫೈನಲ್ಸ್ ತಪ್ಪಿತು.

ಮುಂದಿನ ಸರದಿ ಪರ್ತ್ ಬೇರ್ಸ್‌ನದು, 2027ಕ್ಕೆ. ಕೋಚ್ ಮಾಲ್ ಮೆನಿಂಗಾ. ಅದರ ಮರುವರ್ಷ ಪಪುವಾ ನ್ಯೂ ಗಿನಿಯ ತಂಡ. ಆ ತಂಡದ ಆಟಗಾರರ ಸಂಬಳಕ್ಕೆ ಅಲ್ಲಿನ ಸರ್ಕಾರ ಆದಾಯ ತೆರಿಗೆ ಮನ್ನಾ ಮಾಡುವುದಾಗಿ ಹೇಳಿದೆ, ಅಂದರೆ ಕ್ಯಾಪ್ ಒಂದೇ ಇದ್ದರೂ ಆಟಗಾರನ ಕೈಗೆ ಬರುವ ದುಡ್ಡು ಬೇರೆ. ಡಾಲ್ಫಿನ್ಸ್‌ಗೆ ಇಲ್ಲದಿದ್ದ ಆಮಿಷ ಅದು. ಪರ್ತ್‌ಗೆ ಲೈಸೆನ್ಸ್ ಘೋಷಣೆಯಾದದ್ದು 2025ರ ಮೇ ತಿಂಗಳಲ್ಲಿ, ಸಂತೆ ತೆರೆದದ್ದು ನವೆಂಬರ್ 1ರಂದು. ಡಾಲ್ಫಿನ್ಸ್‌ಗೆ 19 ದಿನ ಸಿಕ್ಕಿದ್ದವು, ಇವರಿಗೆ ಸುಮಾರು ಆರು ತಿಂಗಳು. 24ರಿಂದ 30ನೇ ಜಾಗಕ್ಕೆ ಯಾರನ್ನು ತರುತ್ತಾರೆ ಅನ್ನುವುದನ್ನು ಗಮನಿಸುತ್ತಿರಿ.

ಪ್ರಶ್ನೆಗಳಿದ್ದರೆ ಕೇಳಿ.